ಎರಡನೆಯ ಸಲ ಅಳೆಯದ ಕಲ್ಲು

ಯಾರ ಜಾಗ ಅಳೆಯಲು ಹೋದರೂ ಅವರು ಮೊದಲು ಮನೆಯವರ ಮುಖ ನೋಡುತ್ತಿರಲಿಲ್ಲ, ಆಕಾಶ ನೋಡುತ್ತಿದ್ದರು. ಜೀಪಿನಿಂದ ಇಳಿದು, ಟೊಪ್ಪಿಯನ್ನು ಕಂಕುಳಲ್ಲಿ ಸಿಕ್ಕಿಸಿ, ಕತ್ತು ಹಿಂದಕ್ಕೆ ಬಾಗಿಸಿ, ಬಾಯಿ ಸ್ವಲ್ಪ ತೆರೆದು ನಿಂತುಬಿಡುವರು. ಅಂಗಳದಲ್ಲಿ ಕಾದಿದ್ದವರು ನಮಸ್ಕಾರಕ್ಕೆಂದು ಎತ್ತಿದ ಕೈಯನ್ನು ಏನು ಮಾಡುವುದೆಂದು ತಿಳಿಯದೆ ನನ್ನ ಕಡೆಗೆ ತಿರುಗಿಸುತ್ತಿದ್ದರು.

“ಇವರು ಅಳತೆಗೆ ಬಂದದ್ದಾ, ಮಳೆ ಬರ್ತದಾ ಅಂತ ನೋಡ್ಲಿಕ್ಕೆ ಬಂದದ್ದಾ?” ಎಂದು ಒಂದು ಮನೆಯ ಅಜ್ಜಿ ನನ್ನ ಕಿವಿಯಲ್ಲಿ ಕೇಳಿದ್ದರು.

“ಮಳೆ ಅಲ್ಲ ಅಜ್ಜೀ, ಬೆಳಕು,” ಕತ್ತು ಇಳಿಸದೆ ಅವರೇ ಉತ್ತರ ಕೊಟ್ಟರು. “ನಿಮ್ಮ ತೋಟದಲ್ಲಿ ಬೆಳಕಿಗೆ ಬರಗಾಲ ಉಂಟು.”

ಹೋದ ತಿಂಗಳ ಕೊನೆಗೆ ಅವರು ನಿವೃತ್ತರಾದರು. ಅವರ ಬಗ್ಗೆ ಬರೆಯಲು ಕೂತರೆ ನಗು ಬರುವ ಸಂಗತಿಗಳೇ ಹೆಚ್ಚು. ಆದರೆ ಯಾವುದನ್ನು ನೆನೆದರೂ ಕೊನೆಗೆ ಆ ಕತ್ತು ಬಾಗಿಸಿದ ಭಂಗಿಗೆ ಬಂದು ನಿಲ್ಲುತ್ತೇನೆ, ಅಲ್ಲಿಂದ ಎಡನೀರಿನ ಆಚೆಯ ಒಂದು ಇಳಿಜಾರಿಗೆ. ಆ ಇಳಿಜಾರಿನಲ್ಲಿ ಒಂದು ಗಡಿಕಲ್ಲು ಅಳೆಯದೆ ಬಾಕಿ ಉಳಿದಿತ್ತು. ಅವರು ಊರಿಗೆ ಹೋದರು. ಆ ಕಲ್ಲು ನನ್ನ ಪಾಲಿಗೆ ಬಂತು.

ನಾವೆಲ್ಲ ಅವರನ್ನು ಮಾಷ್, ಅಂದರೆ ಮೇಷ್ಟ್ರು, ಎಂದು ಕರೆಯುತ್ತಿದ್ದೆವು. ತೆಂಕಿನವರು, ಮಲಯಾಳಿ, ಪಯ್ಯನ್ನೂರಿನಿಂದಲೂ ಆಚೆ. ಸರ್ವೆ ಇಲಾಖೆಗೆ ಸೇರುವ ಮೊದಲು ಯಾವುದೋ ಟ್ಯುಟೋರಿಯಲ್‌ನಲ್ಲಿ ಲೆಕ್ಕ, ವಿಜ್ಞಾನ ಕಲಿಸುತ್ತಿದ್ದರಂತೆ. ಕೆಲಸ ಬಿಟ್ಟರೂ ಹೆಸರು ಬಿಟ್ಟಿರಲಿಲ್ಲ. ಕನ್ನಡ ಕಲಿತದ್ದು ಕಾಸರಗೋಡಿಗೆ ಬಂದ ಮೇಲೆ, ಅದೂ ಬೇಲಿ ಜಗಳಗಳ ನಡುವೆ ನಿಂತು. ಹಾಗಾಗಿ ‘ದಯವಿಟ್ಟು’ ಎಂಬ ಮಾತಿಗಿಂತ ಮೊದಲೇ ‘ನಿನ್ನ ಅಪ್ಪನ ಜಾಗವಾ?’ ಎಂಬುದು ಅವರ ಬಾಯಿಗೆ ಬಂದಿತ್ತು.

ಊರಿನ ಜಾಗಗಳನ್ನೆಲ್ಲ ಹೊಸ ಯಂತ್ರದಿಂದ ಅಳೆಯುವ ಕೆಲಸ ಶುರುವಾದಾಗ ನಾನು ತಾತ್ಕಾಲಿಕ ನೆಲೆಯಲ್ಲಿ ಅವರ ಜೊತೆ ಸೇರಿದೆ. ಕಾಸರಗೋಡಿನಲ್ಲಿ ಭೌತಶಾಸ್ತ್ರ ಓದಿ ಬಿ.ಎಸ್ಸಿ ಮುಗಿಸಿದ್ದೆ. ನಮ್ಮದು ಕೊಂಕಣಿ ಮಾತಾಡುವ ಕ್ರಿಸ್ತಿಯನ್ನರ ಮನೆ. ಅದು ತಿಳಿದ ಕ್ಷಣದಿಂದ ನಾನು ಅವರಿಗೆ ‘ಬಾಯಮ್ಮ’ ಆದೆ.

“ಮಾಷೇ, ಬಾಯಮ್ಮ ಅಂತ ಕರೆಯುವುದು ಮುದುಕಿಯರನ್ನು,” ಎಂದೆ.

“ಆಗ್ಬಹುದು. ಈ ಕೆಲಸದಲ್ಲಿ ಒಂದು ಮಳೆಗಾಲ ಕಳೀಲಿ, ನೀನೂ ಆಗ್ತಿ.”

ಯಂತ್ರದ ಬಗ್ಗೆ ಎರಡು ಮಾತು ಹೇಳಬೇಕು. ಒಂದು ಕೋಲು, ಅದರ ತುದಿಯಲ್ಲಿ ಬೋಗುಣಿ ಮಗುಚಿಟ್ಟ ಹಾಗೆ ಒಂದು ಬಿಳಿ ವಸ್ತು. ಹಳ್ಳಿಯಲ್ಲಿ ಅದನ್ನು ಅಣಬೆ ಎನ್ನುತ್ತಾರೆ. ಅದು ಉಪಗ್ರಹಗಳಿಂದ ಬರುವ ಸಂಕೇತಗಳನ್ನು ಹಿಡಿದು, ಕೋಲಿನ ಬುಡ ಭೂಮಿಯ ಮೇಲೆ ಎಲ್ಲಿದೆ ಎಂದು ಬೆರಳಿನಗಲದ ಲೆಕ್ಕದಲ್ಲಿ ಹೇಳುತ್ತದೆ. ಕೈಯಲ್ಲಿ ಹಿಡಿಯುವ ಇನ್ನೊಂದು ಪುಟ್ಟ ಪರದೆಯಲ್ಲಿ ಅದರ ಮಾತು ಮೂಡುತ್ತದೆ. ಜಾಗ ಖಚಿತವಾದರೆ ‘ಫಿಕ್ಸ್’, ಆಗದಿದ್ದರೆ ‘ಫ್ಲೋಟ್’. ಬಯಲಿನಲ್ಲಿ ಕೋಲು ನೆಟ್ಟು ಉಸಿರು ಬಿಡುವುದರೊಳಗೆ ಫಿಕ್ಸ್ ಬರುತ್ತದೆ. ಮರದಡಿಯಲ್ಲಿ ಮಾತ್ರ ಅದಕ್ಕೆ ಕಣ್ಣು ಕಟ್ಟಿದ ಹಾಗೆ. ಎಲೆಗಳು ಸಂಕೇತವನ್ನು ನುಂಗುತ್ತವೆ, ಕಾಂಡಗಳು ಅತ್ತಿತ್ತ ಚಿಮ್ಮಿಸುತ್ತವೆ, ಪರದೆಯ ಮೇಲೆ ‘ಫ್ಲೋಟ್’ ಎಂಬುದು ಹಾಗೇ ಕೂತಿರುತ್ತದೆ. ನಮ್ಮ ಕಡೆ ಬಯಲು ಎಲ್ಲಿದೆ? ಗಡಿಕಲ್ಲುಗಳೆಲ್ಲ ಇರುವುದು ತೋಟದ ಮೂಲೆಗಳಲ್ಲಿ, ಹಿಂದಿನವರು ಗುರುತಿಗೆಂದು ನೆಟ್ಟ ಮರದ ಬುಡದಲ್ಲೇ.

ಹೀಗಾಗಿ ಮಾಷ್ ಮರಗಳನ್ನು ಮನುಷ್ಯರ ಹಾಗೆ ಬೈಯುತ್ತಿದ್ದರು. ಹಲಸು ಜಿಪುಣ, ಒಂದು ಎಲೆ ಬಿಡುವುದಿಲ್ಲ. ಬಿದಿರು ಪುಂಡರ ಗುಂಪು. ತೇಗ ಸಜ್ಜನ, ಬೇಸಗೆಯಲ್ಲಿ ಅಂಗಿ ಬಿಚ್ಚಿ ನಿಲ್ಲುತ್ತದೆ. ರಬ್ಬರ್ ತೋಟದ ಕೆಲಸವನ್ನು ಅದು ಎಲೆ ಉದುರಿಸುವ ತಿಂಗಳಿಗೇ ಇಟ್ಟುಕೊಳ್ಳುತ್ತಿದ್ದರು. ಮಿಕ್ಕ ಕಡೆ ಎಲೆಗಳ ನಡುವಿನ ಕಿಂಡಿ ಹುಡುಕುವುದೇ ಅವರ ವಿದ್ಯೆ. ಕತ್ತು ಬಾಗಿಸಿ ನಿಧಾನವಾಗಿ ಒಂದು ಸುತ್ತು ತಿರುಗಿ, “ಅಲ್ಲಿ, ಬಾಯಮ್ಮಾ, ಅಲ್ಲೊಂದು ಕಿಂಡಿ ಉಂಟು,” ಎಂದು ಬೆರಳು ತೋರಿಸುವಾಗ ಅವರ ಮುಖದಲ್ಲಿ ಮಾವಿನ ಹಣ್ಣು ಕಂಡ ಹುಡುಗರ ಸಂತೋಷ.

ಇನ್ನೊಂದು ರೂಢಿಯನ್ನು ಹೇಳದೆ ಅವರ ಚಿತ್ರ ಪೂರ್ತಿಯಾಗುವುದಿಲ್ಲ. ಮರದಡಿಯಲ್ಲಿ ಫಿಕ್ಸ್ ಬಂದರೆ ಅವರು ನಂಬುತ್ತಿರಲಿಲ್ಲ. ಯಂತ್ರವನ್ನು ಎತ್ತಿಕೊಂಡು ತೋಟದ ಹೊರಗೆ ಬಿಸಿಲಿಗೆ ಬಂದು, ಕಿಸೆಯಿಂದ ಒಣ ನೆಲ್ಲಿಕಾಯಿ ತೆಗೆದು ಬಾಯಿಗೆ ಹಾಕಿ, ಅದು ಕರಗುವವರೆಗೆ ಕಾದು, ತಿರುಗಿ ಒಳಗೆ ಹೋಗಿ ಅದೇ ಕಲ್ಲನ್ನು ಇನ್ನೊಮ್ಮೆ ಅಳೆಯುವರು. ಎರಡೂ ಸರಿಹೊಂದಿದರೆ ಮಾತ್ರ ಆ ಕಲ್ಲು ಮುಗಿದಂತೆ.

“ಮರದಡಿಯ ಫಿಕ್ಸ್ ಸುಳ್ಳು ಹೇಳ್ತದೆ ಬಾಯಮ್ಮಾ. ಅದೂ ನಗ್ತಾ ಹೇಳ್ತದೆ.”

ಮಧೂರಿನ ಬದಿಯಲ್ಲಿ, ಹೊಳೆಗೆ ತಾಗಿದ ಒಂದು ತೋಟದಲ್ಲಿ ಅದನ್ನು ಕಣ್ಣಾರೆ ಕಂಡೆ. ಬಿದಿರ ಮೆಳೆಯ ಅಡಿಯ ಕಲ್ಲು. ಅಕ್ಕಪಕ್ಕದ ಮನೆಯವರಿಬ್ಬರೂ ವರ್ಷಗಳ ಬಳಿಕ ಒಂದೇ ಕಡೆ ನಿಂತು ಪರದೆ ನೋಡುತ್ತಿದ್ದರು. ಫಿಕ್ಸ್ ಬಂತು. ಇಬ್ಬರೂ ತಲೆಯಾಡಿಸಿದರು, ಒಬ್ಬರು ಚಹಾಕ್ಕೆ ಹೇಳಿದರು. ಮಾಷ್ ಸುಮ್ಮನೆ ನೆಲ್ಲಿಕಾಯಿ ಬಾಯಿಗೆ ಹಾಕಿಕೊಂಡು ಹೊರಗೆ ಹೋದರು. ತಿರುಗಿ ಬಂದು ಅಳೆದರೆ ಜಾಗ ಒಂದು ಮೊಳ ಆಚೆಗೆ ಸರಿದಿತ್ತು! ಚಹಾ ಬರುವ ಹೊತ್ತಿಗೆ ಆ ಇಬ್ಬರು ತಂತಮ್ಮ ಬೇಲಿಯ ಹಿಂದೆ ನಿಂತು ಕೂಗಾಡುತ್ತಿದ್ದರು. ಎರಡೂ ಲೋಟ ಮಾಷ್ ಅವರೇ ಕುಡಿದರು.

ಅವರಿಗೆ ಹೆದರಿಕೆ ಇದ್ದದ್ದು ನಾಯಿಗಳಿಗೆ ಮಾತ್ರ. ಗೇಟಿನ ಬಳಿ ಬೊಗಳುವುದು ಕೇಳಿದರೆ, “ಬಾಯಮ್ಮಾ, ಲೇಡೀಸ್ ಫಸ್ಟ್,” ಎಂದು ನನ್ನನ್ನು ಮುಂದೆ ಮಾಡಿ ನನ್ನ ಚೂಡಿದಾರದ ಶಾಲು ಹಿಡಿದುಕೊಂಡು ಹಿಂದಿನಿಂದ ಬರುತ್ತಿದ್ದರು. ಹಾವಿಗಿಲ್ಲ, ಕಡಜಕ್ಕಿಲ್ಲ. ಉಳಿದದ್ದಕ್ಕೆಲ್ಲ ಹೆದರಬೇಕೆಂದು ಅವರಿಗೆ ತೋರಿರಲೇ ಇಲ್ಲ.

ದೋಟಿಯ ಉಪಾಯವೂ ಅವರದೇ. ಅಡಿಕೆ ಕೊಯ್ಯಲು, ಮದ್ದು ಬಿಡಲು ಈಗ ನಮ್ಮ ಕಡೆ ತುಂಬ ಮನೆಗಳಲ್ಲಿ ಕಾರ್ಬನ್ ಫೈಬರಿನ ದೋಟಿ ಇದೆ. ಒಂದರೊಳಗೊಂದು ಸೇರುವ ಕಪ್ಪು ಕೊಳವೆಗಳು, ಎಳೆದಷ್ಟೂ ಉದ್ದ, ಎತ್ತಿದರೆ ಹಗುರ. ನಮ್ಮ ಯಂತ್ರದ ಕೋಲು ನನ್ನ ತಲೆಗಿಂತ ಸ್ವಲ್ಪ ಎತ್ತರ, ಅಷ್ಟೆ. ಅದು ಕೆಳಗಿನ ಕೊಂಬೆಗಳನ್ನೇ ದಾಟುವುದಿಲ್ಲ. ಮಾಷ್ ಒಬ್ಬ ಮೆಕ್ಯಾನಿಕ್‌ನ ಕೈಯಲ್ಲಿ ಒಂದು ತಿರುಪು ಮಾಡಿಸಿ, ದೋಟಿಯ ತುದಿಗೆ ಅಣಬೆಯನ್ನು ಕೂರಿಸಿಬಿಟ್ಟರು. ಬುಡ ಕಲ್ಲಿನ ಮೇಲೆ, ತಲೆ ಎಲೆಗಳ ನಡುವಿನ ಕಿಂಡಿಯಲ್ಲಿ! ಗಂಟೆಗಟ್ಟಲೆ ಸತಾಯಿಸುತ್ತಿದ್ದ ಕಲ್ಲುಗಳು ಬೇಗ ಬೇಗ ಮುಗಿಯತೊಡಗಿದವು. ಬೇರೆ ತಂಡದವರೂ ಕಲಿತರು. ಆಮೇಲೆ ಯಾವ ಮನೆಗೆ ಹೋದರೂ ಆಕಾಶ ನೋಡಿದ ಮೇಲೆ ಅವರ ಮೊದಲ ಮಾತು, “ದೋಟಿ ಉಂಟಾ?”

ಸಂಕಪ್ಪಣ್ಣನ ಮನೆಯಲ್ಲಿ ದೋಟಿ ಇತ್ತು.

ಎಡನೀರಿನಿಂದ ಒಳಗೆ, ಗುಡ್ಡದ ಇಳಿಜಾರಿನಲ್ಲಿ ಅವರ ಜಾಗ. ಬಹಳ ವರ್ಷ ದುಬೈಯಲ್ಲಿ ಡ್ರೈವರ್ ಆಗಿದ್ದು ಊರಿಗೆ ಮರಳಿದವರು. ಹೆಂಡತಿಯೊಡನೆ ತುಳು, ನನ್ನೊಡನೆ ಕನ್ನಡ, ಮಾಷ್ ಜೊತೆ ಮಲಯಾಳ. ಬಾಕಿ ಇದ್ದದ್ದು ಮೇಲಿನ ಮೂಲೆಯ ಒಂದು ಕಲ್ಲು. ಸುತ್ತ ಹಲಸು, ಗೇರು, ಕಾಟುಮಾವು, ಎಲ್ಲದಕ್ಕೂ ಹಬ್ಬಿದ ಒಳ್ಳೆಮೆಣಸಿನ ಬಳ್ಳಿ. ಹೊರಗಿನ ಬಯಲಿನಿಂದ ದೃಷ್ಟಿ ಹಾಯಿಸಿ ಅಳೆಯುವ ಇನ್ನೊಂದು ವಿಧಾನವೂ ಇದೆ. ಆದರೆ ಅದಕ್ಕೆ ನಡುವಿನ ಬಳ್ಳಿ ಕಡಿಯಬೇಕು. “ಬಳ್ಳಿ ಮುಟ್ಟಿದ್ರೆ ನನ್ನ ಹೆಂಡತಿ ನನ್ನನ್ನು ಕಡೀತಾಳೆ ಮಾಷೆ,” ಎಂದು ಸಂಕಪ್ಪಣ್ಣ ಮೊದಲೇ ಹೇಳಿದ್ದರು.

ದೋಟಿ ತಂದು ಕೊಡುವಾಗ ಮಗುವನ್ನು ಕೊಟ್ಟ ಹಾಗೆ ಕೊಟ್ಟರು. “ಜಾಗ್ರತೆ. ಬಿದ್ರೆ ಬಿರುಕು ಬಿಡ್ತದೆ.”

“ಮೇಲೆ ಕರೆಂಟಿನ ತಂತಿ ಎಂತ ಇಲ್ವಲ್ಲಾ?” ನಾನು ಕೇಳಿದೆ. ಹೊಳೆದು ಕೇಳಿದ್ದಲ್ಲ, ಪ್ರತಿ ಮನೆಯಲ್ಲೂ ಕೇಳುತ್ತಿದ್ದ ಮಾತು.

“ಮನೆಯ ತಂತಿ ಆಚೆ ಬದಿ. ಮತ್ತೆ ಇದು ಕಬ್ಬಿಣ ಅಲ್ಲ ಮಗಾ, ಫೈಬರ್. ಕರೆಂಟು ಹಿಡಿಯುವುದಿಲ್ಲ.”

ಮಾಷ್ ತಲೆಯಾಡಿಸಿದರು. ನಾನೂ ಆಡಿಸಿದೆ. ಸಂಕಪ್ಪಣ್ಣ ನಮಗೆ ಮಜ್ಜಿಗೆ ತರಲು ಕೆಳಗೆ ಮನೆಗೆ ಹೋದರು.

ಕಲ್ಲಿನ ಬಳಿ ಮಧ್ಯಾಹ್ನವೂ ಸಂಜೆಯ ಹಾಗಿತ್ತು. ಮಾಷ್ ಟೊಪ್ಪಿಯನ್ನು ಕಂಕುಳಿಗೆ ಸಿಕ್ಕಿಸಿ ಕತ್ತು ಬಾಗಿಸಿದರು. ಈ ಸಲ ಸುತ್ತು ತಿರುಗಬೇಕಾಗಲೇ ಇಲ್ಲ. ಕಲ್ಲಿನ ನೇರಕ್ಕೆ ಮೇಲೆ, ದಟ್ಟ ಎಲೆಗಳ ನಡುವೆ ಉದ್ದಕ್ಕೆ ಸೀಳಿದ ಹಾಗೆ ಒಂದು ಕಿಂಡಿ. ಅದರಲ್ಲಿ ಕಣ್ಣು ಕುಕ್ಕುವ ಬಿಳಿ ಆಕಾಶ.

“ಹಾ!” ಎಂದರು. “ಇಂಥ ಕಿಂಡಿ ನಾನು ಈ ಊರಿಗೆ ಬಂದ ಮೇಲೆ ಕಂಡದ್ದಿಲ್ಲ ಬಾಯಮ್ಮಾ. ಯಾರೋ ನಮಗೆ ಅಂತಲೇ ಮಾಡಿಟ್ಟ ಹಾಗೆ ಉಂಟು.”

ಆ ಮಾತು ಈಗಲೂ ಕೇಳುತ್ತದೆ. ಅಡುಗೆಮನೆಯಲ್ಲಿ, ಬಸ್ಸಿನಲ್ಲಿ, ಇಗರ್ಜಿಯಲ್ಲಿ ಎಲ್ಲರೂ ಕಣ್ಣು ಮುಚ್ಚಿದಾಗ. ಹೌದು, ಯಾರೋ ಮಾಡಿಟ್ಟದ್ದೇ. ಕಾಡು ತಾನಾಗಿ ಹಾಗೆ ನೇರವಾದ ಕಿಂಡಿ ಬಿಡುವುದಿಲ್ಲ. ಗುಡ್ಡ ದಾಟಿ ಹೋಗುವ ದೊಡ್ಡ ವಿದ್ಯುತ್ ಲೈನಿಗೆ ಕೊಂಬೆ ತಾಗಬಾರದೆಂದು ವರ್ಷವರ್ಷ ಕಡಿದು ಕಡಿದು ಆದ ದಾರಿ ಅದು. ಕಂಬಗಳು ಎರಡೂ ಬದಿಯಲ್ಲಿ ಗೇರುಮರಗಳ ಹಿಂದೆ ಅಡಗಿದ್ದವು. ತಂತಿ, ಆ ಬಿಳಿ ಬೆಳಕಿನಲ್ಲಿ, ಇಲ್ಲವೇ ಇಲ್ಲ ಎಂಬಂತಿತ್ತು. ಬೆಳಕು ಹುಡುಕಿ ಹೋಗುವವರು ಇಂಥ ಕಾಡಿನಲ್ಲಿ ಕೊನೆಗೆ ತಂತಿಯ ಕೆಳಗೇ ಬಂದು ನಿಲ್ಲುತ್ತಾರೆ. ಅಷ್ಟು ತೋಟಗಳಲ್ಲಿ ಅಷ್ಟು ಕಿಂಡಿಗಳನ್ನು ತೋರಿಸಿಕೊಟ್ಟ ಮನುಷ್ಯನಿಗೂ, ಅವರ ಹಿಂದೆ ಕತ್ತೆತ್ತಿ ನಿಂತ ನನಗೂ ಇದು ಹೊಳೆದಿರಲಿಲ್ಲ.

ದೋಟಿ ನನ್ನ ಕೈಯಲ್ಲಿತ್ತು. ಅದು ನನ್ನ ಕೆಲಸ. ನಾನು ದೋಟಿ ಹಿಡಿಯಬೇಕು, ಅವರು ಪರದೆ ನೋಡಬೇಕು. ಬುಡವನ್ನು ಕಲ್ಲಿನ ಮೇಲಿಟ್ಟು ಒಂದೊಂದೇ ಕೊಳವೆ ಎಳೆಯುತ್ತಾ ಎತ್ತಿದೆ. ಅಣಬೆ ಎಲೆಗಳ ನಡುವೆ ತೂರಿ ಮೇಲೆ ಹೋಯಿತು.

“ಫ್ಲೋಟ್,” ಎಂದರು. “ಇನ್ನೂ ಎತ್ತು.”

ಎತ್ತಿದೆ. ತುದಿಯ ಭಾರಕ್ಕೆ ದೋಟಿ ತೊನೆಯುತ್ತಿತ್ತು.

“ಫ್ಲೋಟ್. ನೇರ ಹಿಡಿ ಮಾರಾಯ್ತಿ. ಎಂತ, ಗಾಳಿಪಟ ಹಾರಿಸುವುದಾ?”

“ಭಾರ ಎಳೀತದೆ ಮಾಷೇ.”

“ಬೆಳಿಗ್ಗೆ ಅಮ್ಮ ಮಾಡಿ ತಿನ್ನಿಸಿದ ಸಾನ್ನ ಎಲ್ಲ ಎಲ್ಲಿಗೆ ಹೋಯ್ತು? ಕೊಡು ಇಲ್ಲಿ. ನಿನ್ನ ಕೈಯಲ್ಲಿ ಆಗುವ ಕೆಲಸ ಅಲ್ಲ ಇದು. ಕೊಡು!”

ಪರದೆಯನ್ನು ನನ್ನ ಕೈಗೆ ತುರುಕಿ ದೋಟಿಯನ್ನು ಕಿತ್ತುಕೊಂಡರು. ನನಗೆ ಸಿಟ್ಟು ಬಂತು. ಮುಖ ತಿರುಗಿಸಿ ಎರಡು ಹೆಜ್ಜೆ ಹಿಂದೆ ಸರಿದೆ. ಅವರು ಇನ್ನೊಂದು ಕೊಳವೆ ಎಳೆದರು.

ಕಪಾಳಕ್ಕೆ ಹೊಡೆದಂಥ ಒಂದು ಶಬ್ದ. ದೊಡ್ಡದಲ್ಲ. ಸ್ಫೋಟ ಎನ್ನುತ್ತಾರೆ, ಬೆಂಕಿ ಎನ್ನುತ್ತಾರೆ. ನಾನು ಕೇಳಿದ್ದು ಅಷ್ಟೇ, ಒಂದು ಪೆಟ್ಟು. ತಿರುಗಿ ನೋಡಿದರೆ ಮಾಷ್ ತರಗೆಲೆಯ ಮೇಲೆ ಅಂಗಾತ ಬಿದ್ದಿದ್ದರು. ಕಾಡಿನಲ್ಲಿ ಒಂದು ಹಕ್ಕಿಯ ದನಿಯೂ ಇರಲಿಲ್ಲ. ಕೂದಲು ಸುಟ್ಟ ವಾಸನೆ ಬಂತು. ಪರದೆ ಇನ್ನೂ ನನ್ನ ಕೈಯಲ್ಲಿತ್ತು.

ದೋಟಿ ಬಿದ್ದಿರಲಿಲ್ಲ. ಹಲಸಿನ ಕವಲಿಗೆ ಒರಗಿ ನಿಂತಿತ್ತು, ತುದಿ ಮೇಲೆ ಬೆಳಕಿನಲ್ಲಿ ಕಾಣದಂತೆ. ಬುಡ ಕಲ್ಲಿನಿಂದ ಜಾರಿ ಅವರ ಎಡಗಾಲಿನ ಪಕ್ಕಕ್ಕೆ ಬಂದು ಕೂತಿತ್ತು. ಅಲ್ಲಿ ತರಗೆಲೆಯಿಂದ ಸಣ್ಣಗೆ ಹೊಗೆ ಏಳುತ್ತಿತ್ತು. ಕಾಲಿಗೂ ದೋಟಿಗೂ ನಡುವೆ ಒಂದು ಗೇಣು ಇತ್ತೋ ಇಲ್ಲವೋ.

ನಾನು ಕೈ ಚಾಚಿದೆ. ದೋಟಿಯನ್ನು ಸರಿಸಲೋ ಅವರನ್ನು ಎಳೆಯಲೋ, ಈಗ ಹೇಳಲಾರೆ. ಕೈ ಚಾಚಿದ್ದಂತೂ ಹೌದು.

“ಮುಟ್ಬೇಡ! ಮಗಾ, ಮುಟ್ಬೇಡ!”

ಸಂಕಪ್ಪಣ್ಣ ಮಜ್ಜಿಗೆಯ ತಂಬಿಗೆ ಎಸೆದು ಓಡಿ ಬರುತ್ತಿದ್ದರು. ನನ್ನಿಂದ ದೂರದಲ್ಲೇ ಗಕ್ಕನೆ ನಿಂತರು.

“ಅಲ್ಲಿಂದ ಹಿಂದೆ ಬಾ. ಕಾಲು ಎತ್ತಿ ಇಡ್ಬೇಡ, ಎಳೀತಾ ಬಾ. ಸಣ್ಣ ಸಣ್ಣ ಹೆಜ್ಜೆ. ನೆಲದಲ್ಲೂ ಕರೆಂಟು ಇರ್ತದೆ.”

“ಮಾಷ್...”

“ಅವರು ಇರ್ಲಿ. ನೀನು ಬಾ.”

“ಶಬ್ದ ಎಂತ ಇಲ್ಲ, ಕರೆಂಟು ಹೋಗಿದೆ ಸಂಕಪ್ಪಣ್ಣಾ!”

“ಹೋದದ್ದು ತಿರುಗಿ ಬರ್ತದೆ! ತಾನಾಗಿಯೇ ಬರ್ತದೆ. ಬಾ ಅಂದ್ರೆ ಬಾ!”

ಪಾದ ಎಳೆಯುತ್ತಾ ಬಂದೆ. ಅವರು ಲೈನ್‌ಮ್ಯಾನ್‌ಗೆ ಫೋನು ಮಾಡಿದರು. ಮಾತು ತುಳುವಿನಲ್ಲಿ ಶುರುವಾಗಿ ಮಲಯಾಳದಲ್ಲಿ ಮುಗಿಯಿತು. ಲೈನು ಖಾತ್ರಿಯಾಗಿ ಬಂದ್ ಮಾಡಿ ತಿಳಿಸುವವರೆಗೆ ಹತ್ತಿರ ಹೋಗಬೇಡಿ ಎಂದರಂತೆ. ನಾವು ಕಾದೆವು.

ಎಷ್ಟು ಹೊತ್ತು ಎಂದು ಎಲ್ಲರೂ ಕೇಳುತ್ತಾರೆ. ನನಗೆ ಗೊತ್ತಿಲ್ಲ. ಅವರ ಎದೆ ಏರಿಳಿಯುವುದು ಕಾಣುತ್ತಿತ್ತು. ಏರಿದರೆ ಇಳಿಯುವವರೆಗೆ ನಾನು ಉಸಿರು ಬಿಡುತ್ತಿರಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಕಣ್ಣು ತೆರೆದರು. ನಮ್ಮನ್ನು ನೋಡಲಿಲ್ಲ. ಯಾವಾಗಲೂ ನೋಡುವ ಹಾಗೆ ಮೇಲೆ ನೋಡಿದರು. ಆಮೇಲೆ ಎಡಗಾಲು ಅಲುಗಿತು.

“ಮಾಷೇ, ಕಾಲು ಅಲ್ಲಾಡಿಸ್ಬೇಡಿ!” ನಾನು ಕಿರುಚಿದೆ. “ದೋಟಿ ಅಲ್ಲೇ ಉಂಟು. ಕಾಲು ಅಲ್ಲಾಡಿಸ್ಬೇಡಿ!”

ಕೇಳಿತೋ ಇಲ್ಲವೋ. ಕಾಲು ಇನ್ನೊಮ್ಮೆ ದೋಟಿಯ ಕಡೆಗೆ ಜಾರಿತು. ನಾನು ಮುಂದೆ ಹೋಗಲಿಲ್ಲ. ಸಂಕಪ್ಪಣ್ಣ ನನ್ನ ರಟ್ಟೆ ಹಿಡಿದಿದ್ದರು. ಹಿಡಿಯದಿದ್ದರೂ ಹೋಗುತ್ತಿರಲಿಲ್ಲವೇನೋ. ಒಬ್ಬ ಮನುಷ್ಯ ಕೂಗಳತೆಗಿಂತಲೂ ಹತ್ತಿರದಲ್ಲಿ ಬಿದ್ದು ಉಸಿರಾಡುತ್ತಿರುವಾಗ ಅವನನ್ನು ಮುಟ್ಟದೆ ನಿಲ್ಲುವುದಿದೆಯಲ್ಲ, ಅದರಷ್ಟು ಹೆದರಿಕೆಯ ಕೆಲಸವನ್ನು ನಾನು ಮಾಡಿಲ್ಲ.

ಫೋನು ಬಂತು. ಲೈನು ಬಂದ್ ಆಗಿದೆ ಎಂದರು. ಸಂಕಪ್ಪಣ್ಣ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು. ಒಣ ಬಿದಿರಿನ ಗಳುವಿನಿಂದ ದೋಟಿಯನ್ನು ಆಚೆ ತಳ್ಳಿದರು. ಆಮೇಲೆ ನಾವಿಬ್ಬರೂ ಅವರನ್ನು ಎತ್ತಿ ಜೀಪಿಗೆ ತಂದೆವು, ಕಾಸರಗೋಡಿಗೆ, ಅಲ್ಲಿಂದ ಮಂಗಳೂರಿಗೆ.

ಬದುಕಿದರು. ಬಲಗೈಯ ಎರಡು ಬೆರಳು ಹೋದವು. ಎಡ ಪಾದದಲ್ಲಿ ಕರೆಂಟು ಹೊರಟ ಜಾಗ ಮಾಯಲು ಬಹಳ ಕಾಲ ಹಿಡಿಯಿತು. ದೋಟಿಯ ಬುಡ ಒಂದು ಗೇಣು ಈಚೆಗಿದ್ದಿದ್ದರೆ ಎಂದು ಡಾಕ್ಟರು ಶುರುಮಾಡಿ ಮಾತು ನಿಲ್ಲಿಸಿದರು. ದೋಟಿ ನೋಡಲು ಬಂದ ಲೈನ್‌ಮ್ಯಾನ್ ಮಾತ್ರ ಹೇಳಬೇಕಾದದ್ದನ್ನು ಹೇಳಿದರು: “ಕಾರ್ಬನ್ ಅಂದ್ರೆ ಪೆನ್ಸಿಲಿನ ಕಡ್ಡಿ ಇದ್ದ ಹಾಗೆ. ಕರೆಂಟನ್ನು ಸಲೀಸಾಗಿ ಹರೀಲಿಕ್ಕೆ ಬಿಡ್ತದೆ. ಫೈಬರ್ ಅಂತ ಹೆಸರು ಕೇಳಿ ಎಲ್ಲರೂ ಪ್ಲಾಸ್ಟಿಕ್ ಅಂತ ತಿಳ್ಕೊಂಡಿದ್ದಾರೆ.”

ಪೆನ್ಸಿಲಿನ ಕಡ್ಡಿಗೆ ಬ್ಯಾಟರಿ ತಾಗಿಸಿ ಬಲ್ಬು ಹೊತ್ತಿಸುವುದನ್ನು ನಾನು ಶಾಲೆಯಲ್ಲಿ ಮಾಡಿದ್ದೆ. ಮಾಷ್ ಪಾಠದಲ್ಲಿ ಮಾಡಿಸಿಯೂ ಇದ್ದರಂತೆ. ಗುಡ್ಡದ ಮೇಲೆ ಲೈನು ಹೋಗುವುದು ಸಂಕಪ್ಪಣ್ಣನಿಗೆ ಗೊತ್ತಿತ್ತು. ಎಂದಿನಿಂದಲೂ ಇರುವ ವಸ್ತು, ನಾನು ಕೇಳಿದಾಗ ನೆನಪಿಗೆ ಬಂದದ್ದು ಮನೆಯ ತಂತಿ ಮಾತ್ರ. ಮೂವರಲ್ಲೂ ಒಂದೊಂದು ತುಂಡು ತಿಳಿವಳಿಕೆ ಇತ್ತು. ಅದು ಆ ಮಧ್ಯಾಹ್ನ ಒಂದು ಕಡೆ ಸೇರಲಿಲ್ಲ.

ಆಸ್ಪತ್ರೆಗೆ ನೋಡಲು ಹೋದಾಗ ಮಾಷ್ ಕಿಟಕಿಗೆ ಬೆನ್ನು ಹಾಕಿ ಮಲಗಿದ್ದರು.

“ನಿನಗೆ ಬೈದೆನಾ ನಾನು ಆವತ್ತು?” ಎಂದು ಕೇಳಿದರು.

“ಬೈದಿರಿ. ಸಾನ್ನ ಎಲ್ಲ ಎಲ್ಲಿಗೆ ಹೋಯ್ತು ಅಂತ.”

“ಮತ್ತೆ?”

“ನಿನ್ನ ಕೈಯಲ್ಲಿ ಆಗುವ ಕೆಲಸ ಅಲ್ಲ ಅಂತ ದೋಟಿ ಎಳ್ಕೊಂಡಿರಿ.”

ಅವರು ಬಟ್ಟೆ ಸುತ್ತಿದ ಕೈಯನ್ನು ನೋಡಿದರು, ಆಮೇಲೆ ನನ್ನ ಎರಡೂ ಕೈಗಳನ್ನು. ನನ್ನನ್ನು ಉಳಿಸಲೆಂದು ಅವರು ದೋಟಿ ಕಿತ್ತುಕೊಂಡದ್ದಲ್ಲ. ಅವರಿಗೂ ಗೊತ್ತು, ನನಗೂ ಗೊತ್ತು. ಅವರಿಗೆ ತಾಳ್ಮೆ ತಪ್ಪಿತ್ತು, ಅಷ್ಟೆ. ಬೇರೆಯವರು ಓರೆಯಾಗಿ ಕೋಲು ಹಿಡಿದರೆ ಅವರಿಗೆ ಸಹಿಸಲಾಗುತ್ತಿರಲಿಲ್ಲ. ಆ ದಿನ ನನ್ನ ಕೈ ಇನ್ನಷ್ಟು ಗಟ್ಟಿಯಾಗಿದ್ದಿದ್ದರೆ ಎಂಬಲ್ಲಿಗೆ ಬಂದಾಗೆಲ್ಲ ಎದ್ದು ನೀರು ಕುಡಿಯುತ್ತೇನೆ.

ಆಮೇಲೆ ಕೆಲಸಕ್ಕೆ ಮರಳಿದರೂ ಅವರು ತೋಟಗಳಿಗೆ ಬರಲಿಲ್ಲ. ಆಫೀಸಿನಲ್ಲಿ ಕೂತು ನಕ್ಷೆ ನೋಡುತ್ತಿದ್ದರು. ದೋಟಿಯ ತಿರುಪುಗಳನ್ನು ಎಲ್ಲ ತಂಡಗಳಿಂದ ಕೇಳಿ ತರಿಸಿ ಮೇಜಿನ ಖಾನೆಯಲ್ಲಿ ಬೀಗ ಹಾಕಿಟ್ಟರು. ಬೀಳ್ಕೊಡುಗೆಯ ದಿನ ಅಂಗಳದ ಮಾವಿನ ಮರದಡಿಯಲ್ಲಿ ಕುರ್ಚಿ ಹಾಕಿದ್ದರು. ಮಾಷ್ ಕೂರುವ ಮೊದಲು ಕತ್ತು ಬಾಗಿಸಿ ಮೇಲೆ ನೋಡಿದರು. ನಾನೂ ನೋಡಿದೆ. ಬರಿ ಎಲೆ, ಒಂದು ಕಿಂಡಿಯೂ ಇರಲಿಲ್ಲ. ಆಮೇಲೆ ಇಬ್ಬರೂ ಕೂತೆವು.

“ಆ ಕಲ್ಲು?” ಚಹಾ ಕುಡಿಯುವಾಗ ಮೆಲ್ಲನೆ ಕೇಳಿದರು.

“ಬಾಕಿ ಉಂಟು. ನನಗೇ ಬಂದಿದೆ.”

“ಬೇರೆಯವರು ಹೋಗ್ಲಿಕ್ಕಿಲ್ವಾ?”

“ಆ ಜಾಗ ಅಂದ್ರೆ ಯಾರೂ ಹೋಗುವುದಿಲ್ಲ ಮಾಷೇ.”

ಧೈರ್ಯದ ಮಾತು ಹೇಳುತ್ತಾರೇನೋ ಎಂದು ಕಾದೆ. ಅವರು ಮೂರು ಬೆರಳುಗಳಿಂದ ಲೋಟವನ್ನು ತಟ್ಟೆಯ ಮೇಲಿಟ್ಟರು. “ಹೋಗುವ ದಿನ ಫೋನು ಮಾಡು,” ಎಂದರು. ಅಷ್ಟೇ.

ಮೊನ್ನೆ ಸೋಮವಾರ ಹೋದೆ. ಹೊಸ ಸರ್ವೇಯರ್ ಕೆಳಗೆ ರಸ್ತೆಯ ಬದಿಯಲ್ಲಿ ಬೇರೆ ಕಲ್ಲು ನೋಡುತ್ತಿದ್ದರು. ಸಂಕಪ್ಪಣ್ಣ ಅಂಗಳದಲ್ಲೇ ಅಡ್ಡ ನಿಂತರು.

“ಬೇಡ ಮಗಾ. ಆ ಮೂಲೆ ಹೋದ್ರೆ ಹೋಗ್ಲಿ. ನನಗೆ ಆ ಕಲ್ಲೂ ಬೇಡ, ಅಳತೆಯೂ ಬೇಡ.”

“ಗಿಡ್ಡ ಕೋಲು ಮಾತ್ರ ಹಿಡಿಯುವುದು ಸಂಕಪ್ಪಣ್ಣಾ. ನನ್ನ ತಲೆಗಿಂತ ಸ್ವಲ್ಪ ಮೇಲೆ, ಅಷ್ಟೇ. ಫಿಕ್ಸ್ ಬಾರದಿದ್ರೆ ಬಾರದು ಅಂತ ಬರೆದು ಬರ್ತೇನೆ.”

ಅವರು ಹೊಸ್ತಿಲ ಬಳಿ ಕೂತುಬಿಟ್ಟರು. “ನಾನು ಮೇಲೆ ಬರ್ಲಿಕ್ಕಿಲ್ಲ,” ಎಂದರು. ಅವರ ದೋಟಿ ಮಾಡಿನಡಿಯಲ್ಲಿ ತೂಗುತ್ತಿತ್ತು, ಧೂಳು ಹಿಡಿದು.

ಇಳಿಜಾರು ಹತ್ತುವಾಗ ಕಾಲಿಗಿಂತ ಕತ್ತು ಹೆಚ್ಚು ದಣಿಯಿತು, ಹೆಜ್ಜೆಹೆಜ್ಜೆಗೂ ಮೇಲೆ ನೋಡಿ. ಕಲ್ಲಿನ ಬಳಿಗೆ ಬಂದಾಗ ಜಾಗ ತಪ್ಪಿದೆನೇನೋ ಅನಿಸಿತು. ಅಲ್ಲಿ ಬೆಳಕಿತ್ತು. ಆ ದಿನದ ಬಳಿಕ ವಿದ್ಯುತ್ತಿನವರು ಬಂದು ಲೈನಿನ ಎರಡೂ ಬದಿಯ ಕೊಂಬೆಗಳನ್ನು ಅಗಲಕ್ಕೆ ಕಡಿದುಹಾಕಿದ್ದರು. ಹಲಸಿನ ಆ ಕವಲೇ ಇರಲಿಲ್ಲ. ಕಲ್ಲಿನ ನೆತ್ತಿಯ ಮೇಲೆ ಬಿಸಿಲು ಬಿದ್ದಿತ್ತು. ತಂತಿಗಳು ನೀಲಿ ಆಕಾಶದಲ್ಲಿ ಒಂದೊಂದೂ ಸ್ಪಷ್ಟವಾಗಿ ಕಾಣುತ್ತಿದ್ದವು.

ಅಣಬೆಯನ್ನು ಗಿಡ್ಡ ಕೋಲಿನ ಮೇಲೆ ಕೂರಿಸಿದೆ. ಇಲ್ಲಿಂದ ತಂತಿ ಬಹಳ ಎತ್ತರ, ಏನೂ ಆಗದು. ಅದು ನನಗೆ ಗೊತ್ತು. ಕೈಗೆ ಗೊತ್ತಿರಲಿಲ್ಲ. ಬೆರಳುಗಳು ಕೋಲನ್ನು ಸುತ್ತಲು ಒಪ್ಪಲಿಲ್ಲ. ಎಡಗೈಯಿಂದ ಬಲಗೈಯ ಬೆರಳು ಮಡಚಿ ಹಿಡಿಸಿದೆ. ಮಾಷ್‌ಗೆ ಕರೆ ಮಾಡಿ ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿದೆ. ಮೊದಲ ರಿಂಗಿಗೇ ಎತ್ತಿದರು.

“ಎಲ್ಲಿದ್ದಿ?”

“ಕಲ್ಲಿನ ಹತ್ರ.”

“ಯಾವ ಕೋಲು?”

“ಗಿಡ್ಡದ್ದು.”

“ಮೇಲೆ?”

“ತಂತಿ ಕಾಣ್ತದೆ ಮಾಷೇ. ಕೊಂಬೆ ಎಲ್ಲ ಕಡಿದಿದ್ದಾರೆ. ಈಗ ಸರಿಯಾಗಿ ಕಾಣ್ತದೆ.”

ಕೋಲಿನ ಬುಡವನ್ನು ಕಲ್ಲಿನ ಮೇಲೆ ಇಟ್ಟೆ. ಉಸಿರು ಬಿಡುವುದರೊಳಗೆ ಯಂತ್ರ ಸದ್ದು ಮಾಡಿತು.

“ಅದೆಂತ ಶಬ್ದ?” ಅವರು ಕೂಗಿದರು. “ಬಾಯಮ್ಮಾ! ಎಂತ ಶಬ್ದ ಅದು?”

“ಫಿಕ್ಸ್ ಮಾಷೇ. ಫಿಕ್ಸ್ ಬಂತು.”

ನಾನು ಅಳತೆಯನ್ನು ಉಳಿಸಿಕೊಂಡೆ.

“ಇನ್ನೊಮ್ಮೆ ತೆಗೀಬೇಕಲ್ಲ,” ಎಂದೆ. “ಹೊರಗೆ ಹೋಗಿ ಸ್ವಲ್ಪ ಕಾದು ಬರ್ತೇನೆ.”

“ಬೇಡ.”

“ಮರದಡಿಯ ಫಿಕ್ಸ್ ಅಲ್ವಾ ಮಾಷೇ, ನೀವೇ...”

“ಬೇಡ ಅಂದೆನಲ್ಲ ಮೋಳೇ!” ಮಗಳೇ ಎಂದು ಅವರ ಮಾತಿನಲ್ಲಿ. ಹಿಂದೆಂದೂ ಹಾಗೆ ಕರೆದವರಲ್ಲ. “ಸುಳ್ಳಾದ್ರೆ ಸುಳ್ಳಾಗ್ಲಿ. ಒಂದು ಸಲ ಸಾಕು. ಹೊರಗೆ ಬಾ. ಫೋನು ಇಡ್ಬೇಡ, ಮಾತಾಡ್ತಾ ಬಾ.”

ಕೋಲು ಮಡಚಿ ಇಳಿಯತೊಡಗಿದೆ.

“ಈಗ ಎಲ್ಲಿ?”

“ಗೇರುಮರದ ಹತ್ರ.”

“ಈಗ?”

“ಕಟ್ಟೆ ದಾಟಿದೆ.”

“ಈಗ?”

ಅಂಗಳದ ಬಿಸಿಲಿಗೆ ಕಾಲಿಟ್ಟೆ. ಹೊಸ್ತಿಲಲ್ಲಿ ಕೂತಿದ್ದ ಸಂಕಪ್ಪಣ್ಣ ಎದ್ದು ನಿಂತರು.

“ಬಂದೆ ಮಾಷೇ. ಹೊರಗೆ ಬಂದೆ.”

ಫೋನಿನಲ್ಲಿ ಅವರ ಏದುಸಿರು ಕೇಳುತ್ತಿತ್ತು, ಅಷ್ಟು ದೂರದ ತಮ್ಮ ಮನೆಯಲ್ಲಿ ಕೂತು ಅವರೂ ಆ ಇಳಿಜಾರನ್ನು ನನ್ನ ಜೊತೆಗೇ ಇಳಿದು ಬಂದವರ ಹಾಗೆ.